ತಿರುಳು ಬದಲಾಗುವ ಮುನ್ನ

ಗಣಕಯಂತ್ರದ ಮುಂದೆ ಕುಳಿತವನ ಕಣ್ಣಿಗೆ ಬೀಳುವುದು ಪರದೆಯ ಮೇಲಿನ ಅಕ್ಷರಗಳು ಮತ್ತು ಚಿತ್ರಗಳು ಮಾತ್ರ. ಇವೆಲ್ಲಕ್ಕೂ ತಳದಲ್ಲಿ, ಕಣ್ಣಿಗೆ ಕಾಣದಂತೆ, ಒಂದು ಕ್ರಮವಿಧಿಯು ಯಂತ್ರ ಎಚ್ಚತ್ತ ಗಳಿಗೆಯಿಂದ ಮಲಗುವ ಗಳಿಗೆಯವರೆಗೆ ಎಡೆಬಿಡದೆ ದುಡಿಯುತ್ತಿರುತ್ತದೆ. ಕ್ರಮವಿಧಿಯೆಂದರೆ ನಾವು ದಿನಬಳಕೆಯಲ್ಲಿ ಪ್ರೋಗ್ರಾಂ ಎನ್ನುವುದೇ. ಯಾವ ಕೆಲಸಕ್ಕೆ ಪ್ರೊಸೆಸರಿನ ಎಷ್ಟು ಹೊತ್ತು ಸಲ್ಲಬೇಕು, ಸ್ಮೃತಿಕೋಶದಲ್ಲಿ ಯಾರಿಗೆ ಎಷ್ಟು ಜಾಗ ಕೊಡಬೇಕು, ಡಿಸ್ಕಿನಿಂದ ಯಾವ ಕಡತವನ್ನು ತರಬೇಕು, ಕೀಲಿಮಣೆಯಲ್ಲಿ ಒತ್ತಿದ ಅಕ್ಷರವನ್ನು ಯಾರಿಗೆ ತಲುಪಿಸಬೇಕು ಎಂಬುದನ್ನೆಲ್ಲ ನಿರ್ಣಯಿಸುವುದು ಇದೇ. ಇದಕ್ಕೆ ಕರ್ನಲ್ ಎಂದು ಹೆಸರು. ಕರ್ನಲ್ ಎಂಬ ಮಾತಿಗೆ ಕಾಯಿಯೊಳಗಿನ ತಿರುಳು ಎಂದು ಅರ್ಥ. ಬಳಕೆದಾರನ ಆಜ್ಞೆಯನ್ನು ಕೇಳಿ ಅದಕ್ಕೆ ಮುಟ್ಟಿಸುವ ಹೊರಗಿನ ಕ್ರಮವಿಧಿಗೆ ಶೆಲ್, ಎಂದರೆ ಚಿಪ್ಪು, ಎಂಬ ಹೆಸರಿರುವುದೂ ಇದೇ ಹೋಲಿಕೆಯಿಂದ. ತೆಂಗಿನಕಾಯಿಯನ್ನು ಬಲ್ಲ ನಮಗೆ ಈ ಹೆಸರುಗಳು ಕಷ್ಟವೆನಿಸಲಾರವು.

ಈ ತಿರುಳನ್ನು ಕಾಲಕಾಲಕ್ಕೆ ಬದಲಿಸಬೇಕಾಗುತ್ತದೆ. ಹೊಸ ಬಗೆಯ ಡಿಸ್ಕುಗಳೂ ಇತರ ಸಾಧನಗಳೂ ಬಂದಾಗ ಹಳೆಯ ಕರ್ನಲ್ ಅವನ್ನು ಗುರುತಿಸಲಾರದು. ಒಳಗೆ ಹುದುಗಿದ್ದ ದೋಷವೊಂದು ಬಯಲಾಗಿ, ಅದರ ಮೂಲಕ ದುರುಳರು ಒಳನುಗ್ಗುವ ಅಪಾಯ ತಲೆದೋರಿದಾಗಲಂತೂ ಬದಲಿಸದೆ ವಿಧಿಯಿಲ್ಲ. ಆದರೆ ಈ ಕೆಲಸ ಕೆಟ್ಟರೆ ಒದಗುವ ಕಷ್ಟ ಸಣ್ಣದಲ್ಲ. ಲೆಕ್ಕ ಬರೆಯುವ ಕ್ರಮವಿಧಿಯೊಂದು ಕೆಟ್ಟರೆ ಆ ಒಂದು ಕೆಲಸ ನಿಲ್ಲುತ್ತದೆ. ಕರ್ನಲ್ ಕೆಟ್ಟರೆ ಯಂತ್ರವೇ ಏಳುವುದಿಲ್ಲ, ದುರಸ್ತಿಗೆ ಬೇಕಾದ ಉಪಕರಣಗಳೂ ಅದರೊಳಗೇ ಸಿಕ್ಕಿಬಿದ್ದಿರುತ್ತವೆ. ಆಸ್ಪತ್ರೆಯ ರೋಗಿಗಳ ದಾಖಲೆಯನ್ನೋ ಬ್ಯಾಂಕಿನ ಲೆಕ್ಕವನ್ನೋ ಹೊತ್ತ ಯಂತ್ರವಾದರೆ ಅಂದಿನ ವ್ಯವಹಾರವೆಲ್ಲ ಸ್ತಬ್ಧವಾಗುತ್ತದೆ.

ಹೀಗೆ ಕೆಡುವುದಕ್ಕೆ ಹೊಸ ಕರ್ನಲಿನ ದೋಷವೇ ಕಾರಣವಾಗಬೇಕೆಂದಿಲ್ಲ. ಎಷ್ಟೋ ವೇಳೆ ಕರ್ನಲ್ ಸರಿಯಾಗಿಯೇ ಇರುತ್ತದೆ. ಅದರ ಸುತ್ತ ನಿಂತು ಊಳಿಗ ಮಾಡಬೇಕಾದ ಸಹಾಯಕ ಕ್ರಮವಿಧಿಗಳು ಹಳೆಯವಾಗಿರುತ್ತವೆ. ಹಳೆಯ ತೊಟ್ಟಿಮನೆಯ ಕಂಬವನ್ನು ಬದಲಿಸುವ ಬಡಗಿಯು ಕಂಬಕ್ಕೆ ಕೈಹಚ್ಚುವ ಮುನ್ನ ತೊಲೆಗೆ ಆನಿಕೆ ಕೊಡುತ್ತಾನೆ. ಹೊಸ ಕಂಬದ ತಲೆಗೆ ಹೊಂದುವಂತೆ ಬೋದಿಗೆಯನ್ನು ಮೊದಲೇ ಕೆತ್ತಿ ಇಟ್ಟುಕೊಳ್ಳುತ್ತಾನೆ. ಕಂಬ ಎಷ್ಟೇ ಗಟ್ಟಿಯಾಗಿರಲಿ, ಬೋದಿಗೆ ಕೂಡದಿದ್ದರೆ ತೊಲೆ ನಿಲ್ಲದು. ಕರ್ನಲಿನ ವಿಷಯದಲ್ಲಿಯೂ ಇಂತಹ ಪೂರ್ವಸಿದ್ಧತೆಯೇ ಮುಖ್ಯ. ಅದರ ಸ್ವರೂಪವನ್ನು ಲಿನಕ್ಸ್ ಎಂಬ ಕರ್ನಲಿನ ಇತಿಹಾಸದಲ್ಲಿ ನಡೆದ ಒಂದು ದೊಡ್ಡ ಬದಲಾವಣೆಯಿಂದ ಚೆನ್ನಾಗಿ ಅರಿಯಬಹುದು.

1991ರಲ್ಲಿ ಫಿನ್ಲೆಂಡಿನ ಹೆಲ್ಸಿಂಕಿ ವಿಶ್ವವಿದ್ಯಾನಿಲಯದ ವಿದ್ಯಾರ್ಥಿಯಾಗಿದ್ದ ಲೈನಸ್ ಟೋರ್ವಾಲ್ಡ್ಸ್ ಅವರು ಲಿನಕ್ಸನ್ನು ಬರೆಯತೊಡಗಿದರು. ಅವರು ಬರೆದುದು ತಿರುಳನ್ನು ಮಾತ್ರ. ಅದರ ಸುತ್ತಲಿನ ಅನೇಕ ಉಪಕರಣಗಳು ಅಮೆರಿಕದ ರಿಚರ್ಡ್ ಸ್ಟಾಲ್ಮನ್ ಅವರು 1983ರಲ್ಲಿ ಸಾರಿದ ಗ್ನೂ ಯೋಜನೆಯಿಂದ ಬಂದವು. ಉಳಿದವನ್ನು ಬೇರೆ ಬೇರೆ ದೇಶಗಳ ಬೇರೆ ಬೇರೆ ಜನ ಬರೆದರು. ಇಂದು ಆಂಡ್ರಾಯ್ಡ್ ಮೊಬೈಲುಗಳ ಒಳಗಿರುವುದೂ ಲಿನಕ್ಸ್ ತಿರುಳೇ. ಆದರೆ ಅದರ ಸುತ್ತಲಿನ ಚಿಪ್ಪು ತೀರ ಬೇರೆ. ತಿರುಳು ಒಬ್ಬರದು, ಚಿಪ್ಪು ಇನ್ನೊಬ್ಬರದು ಆದಮೇಲೆ ಒಂದು ಮುಂದೆ ಹೋಗಿ ಇನ್ನೊಂದು ಹಿಂದೆ ಉಳಿಯುವುದು ಸಹಜ. ಎಲ್ಲವನ್ನೂ ಒಂದೇ ಸಂಸ್ಥೆ ತಯಾರಿಸಿ ಮಾರುವಲ್ಲಿ ಈ ತೊಡಕು ಬಳಕೆದಾರನ ಕಣ್ಣಿಗೆ ಅಷ್ಟಾಗಿ ಬೀಳುವುದಿಲ್ಲ.

ಇಲ್ಲಿ ಒಂದು ಭೇದವನ್ನು ಗಮನಿಸಬೇಕು. ಬರಹಕ್ಕೆ, ಲೆಕ್ಕಕ್ಕೆ, ಸಂಗೀತಕ್ಕೆ ಬಳಸುವ ಸಾಮಾನ್ಯ ಕ್ರಮವಿಧಿಗಳು ಕರ್ನಲಿನಿಂದ ಸೇವೆಯನ್ನು ಬೇಡಲು ಗೊತ್ತಾದ ಕೆಲವು ಬಾಗಿಲುಗಳಿವೆ. ಈ ಬಾಗಿಲುಗಳನ್ನು ಬದಲಿಸಬಾರದೆಂಬ ನಿಯಮವನ್ನು ಲಿನಕ್ಸಿನ ರಚನಾಕಾರರು ಬಹು ಕಟ್ಟುನಿಟ್ಟಾಗಿ ಪಾಲಿಸುತ್ತಾರೆ. ಹತ್ತು ವರ್ಷ ಹಳೆಯ ಕ್ರಮವಿಧಿಯೂ ಹೊಸ ಕರ್ನಲಿನ ಮೇಲೆ ಸಾಮಾನ್ಯವಾಗಿ ಓಡುತ್ತದೆ. ಆದರೆ ಅಂತಃಪುರದ ಊಳಿಗದವರಂತೆ ಕರ್ನಲಿನ ಒಳಮನೆಗೇ ಹೋಗಿ ಬರುವ ಕ್ರಮವಿಧಿಗಳು ಕೆಲವಿವೆ. ಕರ್ನಲಿಗೆ ಹೊಸ ಭಾಗಗಳನ್ನು ಜೋಡಿಸುವಂಥವು, ಡಿಸ್ಕಿನ ಕಡತವ್ಯವಸ್ಥೆಯನ್ನು ಪರೀಕ್ಷಿಸಿ ತಿದ್ದುವಂಥವು, ಓಡುತ್ತಿರುವ ಕೆಲಸಗಳ ಪಟ್ಟಿ ಕೊಡುವಂಥವು, ಜಾಲಸಂಪರ್ಕವನ್ನು ಅಣಿಗೊಳಿಸುವಂಥವು ಈ ಗುಂಪಿನವು. ಅರಮನೆಯ ಒಳರಚನೆ ಬದಲಾದರೆ ಮೊದಲು ದಾರಿತಪ್ಪುವವರು ಇವರೇ.

ಲಿನಕ್ಸಿನ 2.4 ಎಂಬ ಆವೃತ್ತಿ 2001ರ ಜನವರಿಯಲ್ಲಿ ಹೊರಬಂದಿತು. ಮುಂದಿನ 2.6 ಆವೃತ್ತಿ ಬಂದುದು 2003ರ ಡಿಸೆಂಬರಿನಲ್ಲಿ. ನಡುವಿನ 2.5 ಪ್ರಯೋಗಕ್ಕೆ ಮೀಸಲಾಗಿದ್ದುದರಿಂದ, ಸುಮಾರು ಮೂರು ವರ್ಷಗಳಲ್ಲಿ ಕೂಡಿಬಂದ ಬದಲಾವಣೆಗಳೆಲ್ಲ ಬಳಕೆದಾರರ ಮೇಲೆ ಒಮ್ಮೆಗೇ ಬಂದೆರಗಿದವು. ಇದನ್ನು ಬಲ್ಲ ರಚನಾಕಾರರು ಕರ್ನಲಿನ ಮೂಲಪ್ರತಿಯೊಡನೆ ‘ಚೇಂಜಸ್’, ಎಂದರೆ ಬದಲಾವಣೆಗಳು, ಎಂಬ ಹೆಸರಿನ ಕಡತವೊಂದನ್ನು ಇರಿಸಿದ್ದರು. ಅದರಲ್ಲಿ ಸಹಾಯಕ ಕ್ರಮವಿಧಿಗಳ ಹೆಸರು, ಪ್ರತಿಯೊಂದಕ್ಕೂ ಇರಬೇಕಾದ ಕನಿಷ್ಠ ಆವೃತ್ತಿ, ನಮ್ಮ ಯಂತ್ರದಲ್ಲಿರುವ ಆವೃತ್ತಿಯನ್ನು ತಿಳಿಯಲು ಕೊಡಬೇಕಾದ ಆಜ್ಞೆ, ಹೀಗೆ ಮೂರು ಅಂಕಣಗಳ ಪಟ್ಟಿ ಇತ್ತು. ಕರ್ನಲಿನ ಮೂಲವನ್ನು ಯಂತ್ರಭಾಷೆಗೆ ಪರಿವರ್ತಿಸುವ ಗ್ನೂ ಸಿ ಅನುವಾದಕವು ಕನಿಷ್ಠ 2.95.3 ಆಗಿರಬೇಕು, ಮಾಡ್ಯೂಲುಗಳನ್ನು ಜೋಡಿಸುವ ಉಪಕರಣ ಕನಿಷ್ಠ 0.9.10 ಆಗಿರಬೇಕು ಎಂಬಂತಹ ನಮೂದುಗಳು ಅಲ್ಲಿದ್ದವು. ಪಟ್ಟಿಯಲ್ಲಿರುವುದೆಲ್ಲ ಎಲ್ಲರಿಗೂ ಬೇಕಾಗಿರಲಿಲ್ಲ. ತನ್ನ ಯಂತ್ರದಲ್ಲಿ ಇಲ್ಲದ ಸಾಧನದ ಉಪಕರಣವನ್ನು ಬದಲಿಸುವ ಗೋಜು ಯಾರಿಗೂ ಬೇಡ. ಹತ್ತು ನಿಮಿಷ ಕುಳಿತು ಓದಿದರೆ ಹತ್ತು ಗಂಟೆಗಳ ಪರದಾಟವನ್ನು ತಪ್ಪಿಸುತ್ತಿದ್ದ ಬರಹವದು. ಅವಸರದವರು ಓದದೆ ಬಿಡುವುದು ಸಾಮಾನ್ಯವಾಗಿ ಇಂತಹವನ್ನೇ.

ಪಟ್ಟಿಯ ಎಲ್ಲಕ್ಕಿಂತ ಹೆಚ್ಚು ಜನರನ್ನು ಕಾಡಿದುದು ಮಾಡ್ಯೂಲುಗಳ ಉಪಕರಣ. ಲೋಕದಲ್ಲಿರುವ ಸಾಧನಗಳಿಗೆಲ್ಲ ಬೇಕಾದ ಚಾಲಕ ತಂತ್ರಾಂಶವನ್ನು ಕರ್ನಲಿನ ಒಡಲಲ್ಲೇ ತುಂಬಿದರೆ ಅದು ಊದಿಕೊಂಡು ಜಡವಾಗುತ್ತದೆ. ಆದುದರಿಂದ ಚಾಲಕಗಳನ್ನು ಬಿಡಿ ಭಾಗಗಳಾಗಿ ಡಿಸ್ಕಿನಲ್ಲಿಟ್ಟು, ಬೇಕೆನಿಸಿದಾಗ ಮಾತ್ರ ಜೋಡಿಸುವ ಏರ್ಪಾಡಿದೆ. ಈ ಬಿಡಿ ಭಾಗಗಳೇ ಮಾಡ್ಯೂಲುಗಳು. 2.4ರ ಕಾಲದಲ್ಲಿ ಜೋಡಣೆಯ ಲೆಕ್ಕಾಚಾರವನ್ನೆಲ್ಲ ಕರ್ನಲಿನ ಹೊರಗಿದ್ದ ‘ಮಾಡ್‌ಯುಟಿಲ್ಸ್’ ಎಂಬ ಉಪಕರಣ ಮಾಡುತ್ತಿತ್ತು. ಆಸ್ಟ್ರೇಲಿಯದ ರಸ್ಟಿ ರಸೆಲ್ ಅವರು 2.5ರ ಅವಧಿಯಲ್ಲಿ ಈ ವ್ಯವಸ್ಥೆಯನ್ನು ಹೊಸದಾಗಿ ಬರೆದು, ಜೋಡಣೆಯ ಹೊಣೆಯನ್ನು ಕರ್ನಲಿನ ಒಳಕ್ಕೇ ತಂದರು. ಹೊರಗಿನ ಕೆಲಸಕ್ಕೆ ‘ಮಾಡ್ಯೂಲ್ ಇನಿಟ್ ಟೂಲ್ಸ್’ ಎಂಬ ಚಿಕ್ಕ ಉಪಕರಣ ಸಾಕಾಯಿತು. ಬದಲಾವಣೆ ಮೆಚ್ಚತಕ್ಕದ್ದೇ. ಆದರೆ ಹಳೆಯ ಉಪಕರಣಕ್ಕೆ ಹೊಸ ಕರ್ನಲಿನೊಡನೆ ಮಾತಾಡಲು ಬಾರದು. ಹೊಸ ಕರ್ನಲನ್ನು ಮಾತ್ರ ಸ್ಥಾಪಿಸಿ, ಉಪಕರಣವನ್ನು ಮರೆತವನ ಯಂತ್ರ ಏಳುತ್ತಿತ್ತು. ಆದರೆ ಒಂದು ಮಾಡ್ಯೂಲನ್ನೂ ಜೋಡಿಸಲಾಗದೆ, ಜಾಲಸಂಪರ್ಕವಿಲ್ಲದೆ, ಧ್ವನಿಯಿಲ್ಲದೆ ಕೈಕಾಲು ಕಟ್ಟಿದಂತೆ ಬಿದ್ದಿರುತ್ತಿತ್ತು. ಬೇಕಾದ ಉಪಕರಣವನ್ನು ಜಾಲದಿಂದ ತರೋಣವೆಂದರೆ ಜಾಲವೇ ಇಲ್ಲ!

ಹಾಗಾದರೆ ಉಪಕರಣವನ್ನೇ ಮೊದಲು ಬದಲಿಸಬೇಕು. ಆದರೆ ಈಗ ಓಡುತ್ತಿರುವುದು ಹಳೆಯ ಕರ್ನಲ್. ಹೊಸ ಉಪಕರಣಕ್ಕೆ ಅದರ ಭಾಷೆ ತಿಳಿಯದು. ಹೊಸ ಕರ್ನಲ್ ಏಳದೆ ಹೋಗಿ ಹಳೆಯದಕ್ಕೆ ಮರಳಬೇಕಾಗಿ ಬಂದರೆ ಅಲ್ಲಿಯೂ ಮಾಡ್ಯೂಲುಗಳು ಸಿಕ್ಕುವುದಿಲ್ಲ. ಮುಂದಿನ ದಡಕ್ಕೆ ಸೇತುವೆ ಕಟ್ಟಲು ಹಿಂದಿನ ದಡದ ಸೇತುವೆಯನ್ನು ಮುರಿದಂತಾಗುತ್ತದೆ. ರಸೆಲ್ ಅವರು ಇದಕ್ಕೆ ಕಂಡುಕೊಂಡ ಉಪಾಯ ಬಹು ಸರಳವಾದುದು. ಹೊಸ ಉಪಕರಣವನ್ನು ಸ್ಥಾಪಿಸುವ ಮುನ್ನ ಹಳೆಯ ಆಜ್ಞೆಗಳ ಹೆಸರಿನ ಕೊನೆಗೆ ‘ಓಲ್ಡ್’ ಎಂಬ ಬಾಲವನ್ನು ಸೇರಿಸಿ ಅವನ್ನು ಹಾಗೆಯೇ ಉಳಿಸಿಕೊಳ್ಳುವುದು. ಹೊಸ ಉಪಕರಣವು ತನ್ನನ್ನು ಕರೆದ ಕೂಡಲೇ ಓಡುತ್ತಿರುವ ಕರ್ನಲ್ ಯಾವುದೆಂದು ನೋಡುತ್ತದೆ; ಹಳೆಯದಾದರೆ ತಾನು ಹಿಂದೆ ಸರಿದು ಓಲ್ಡ್ ಎಂಬ ಬಾಲವುಳ್ಳ ಹಿರಿಯನಿಗೆ ಕೆಲಸ ಒಪ್ಪಿಸುತ್ತದೆ. ಹೀಗೆ ಎರಡು ಕರ್ನಲುಗಳ ಕೆಳಗೂ ಸಲ್ಲುವಂತೆ ಸಹಾಯಕನನ್ನು ಸಜ್ಜುಗೊಳಿಸಿ, ಹಳೆಯ ಕರ್ನಲಿನ ಮೇಲೆಯೇ ಪರೀಕ್ಷಿಸಿ ನೋಡಿ, ಆಮೇಲೆ ತಿರುಳಿಗೆ ಕೈಹಾಕಬಹುದಾಯಿತು. ಸಿದ್ಧತೆಯೆಂಬ ಮಾತಿನ ಪೂರ್ಣಾರ್ಥ ಇಲ್ಲಿದೆಯೆಂದು ನನಗೆ ತೋರುತ್ತದೆ.

ಮಾಡ್ಯೂಲುಗಳಿಂದ ಹುಟ್ಟುವ ಇನ್ನೊಂದು ತೊಡಕು ಒಗಟಿನಂತಿದೆ. ಡಿಸ್ಕನ್ನು ಓದಲು ಬೇಕಾದ ಚಾಲಕವೇ ಮಾಡ್ಯೂಲಾಗಿದ್ದರೆ, ಅದು ಇರುವುದು ಎಲ್ಲಿ? ಅದೇ ಡಿಸ್ಕಿನಲ್ಲಿ! ಅಟ್ಟ ಹತ್ತುವ ಏಣಿಯನ್ನು ಅಟ್ಟದ ಮೇಲೆಯೇ ಇಟ್ಟಂತಾಯಿತು. ಇದನ್ನು ಪರಿಹರಿಸಲು ಅತ್ಯಗತ್ಯವಾದ ಮಾಡ್ಯೂಲುಗಳನ್ನು ಒಂದು ಪುಟ್ಟ ಗಂಟಾಗಿ ಕಟ್ಟಿ, ಯಂತ್ರ ಏಳುವಾಗ ಕರ್ನಲಿನ ಜೊತೆಯಲ್ಲೇ ಸ್ಮೃತಿಕೋಶಕ್ಕೆ ತರುತ್ತಾರೆ. ಪ್ರತಿ ಕರ್ನಲಿಗೂ ಅದರದೇ ಗಂಟನ್ನು ಹೊಸದಾಗಿ ಕಟ್ಟಬೇಕು. ಕಟ್ಟಲು ಮರೆತರೆ, ಬೇರಿನ ಕಡತವ್ಯವಸ್ಥೆ ಸಿಕ್ಕಲಿಲ್ಲವೆಂದು ಒಂದು ಸಾಲು ಬರೆದು ಕರ್ನಲ್ ಅಲ್ಲಿಯೇ ನಿಂತುಬಿಡುತ್ತದೆ.

ಉಳಿದ ಬದಲಾವಣೆಗಳು ಅಷ್ಟು ಗಹನವಾದವಲ್ಲ. ಯಂತ್ರದ ಸಾಧನಗಳ ವಿವರವನ್ನು ತೋರಿಸಲು 2.6 ಕರ್ನಲು ‘ಸಿಸ್’ ಎಂಬ ಹೊಸ ಕಡತಕೋಶವನ್ನು ಬಳಸುತ್ತಿತ್ತು; ಅದಕ್ಕಾಗಿ ಬರಿದಾದ ಕೋಶವೊಂದನ್ನು ಮೊದಲೇ ತೆರೆದಿಡಬೇಕಾಗಿತ್ತು. ಕೀಲಿಮಣೆ ಮತ್ತು ಪರದೆಗಳ ಆಯ್ಕೆಗಳು ಬೇರೆ ಪುಟಕ್ಕೆ ಹೋಗಿದ್ದವು. ಅವನ್ನು ಆರಿಸಲು ಮರೆತವರಿಗೆ ಕಪ್ಪು ಪರದೆಯೇ ಗತಿಯಾಯಿತು. ಒಳಗೆ ಯಂತ್ರ ಎಂದಿನಂತೆ ಓಡುತ್ತಲೇ ಇರುತ್ತಿತ್ತು. ಆಲ್ಸಾ ಎಂಬ ಹೊಸ ಧ್ವನಿವ್ಯವಸ್ಥೆಯಂತೂ ಮೌನವ್ರತದೊಡನೆ ಹುಟ್ಟಿತ್ತು. ಧ್ವನಿಯ ಮಟ್ಟವನ್ನು ಬಳಕೆದಾರನೇ ಏರಿಸುವವರೆಗೆ ಅದು ಸೊಲ್ಲೆತ್ತುತ್ತಿರಲಿಲ್ಲ; ಧ್ವನಿಸಾಧನವೇ ಕೆಟ್ಟಿತೆಂದು ಎಷ್ಟೋ ಜನ ಭ್ರಮಿಸಿದರು. ಕರ್ನಲ್ ರಚನೆಯಲ್ಲಿ ತೊಡಗಿದ್ದ ಡೇವ್ ಜೋನ್ಸ್ ಅವರು ಇಂತಹ ಎಡವುಗಲ್ಲುಗಳನ್ನು ಒಂದು ಬರಹದಲ್ಲಿ ಕೂಡಿಸಿಕೊಟ್ಟು ದೊಡ್ಡ ಉಪಕಾರ ಮಾಡಿದರು.

ಆವೃತ್ತಿಯ ಅಂಕಿಯೂ ಒಮ್ಮೆ ತೊಡಕು ತಂದುದುಂಟು. 2011ರ ಜುಲೈಯಲ್ಲಿ, 2.6 ಎಂಬ ಸರಣಿಯನ್ನು ನಿಲ್ಲಿಸಿ ಟೋರ್ವಾಲ್ಡ್ಸ್ ಅವರು ಮುಂದಿನ ಕರ್ನಲಿಗೆ 3.0 ಎಂದು ಹೆಸರಿಟ್ಟರು. ಒಳಗೆ ಮಹತ್ತರವಾದ ಬದಲಾವಣೆಯೇನೂ ಇರಲಿಲ್ಲ; ಅಂಕಿ ತೀರ ಉದ್ದವಾಯಿತೆಂಬುದೇ ಕಾರಣ. ಆದರೆ ಕರ್ನಲಿನ ಹೆಸರು 2.6 ಎಂದೇ ಆರಂಭವಾಗುವುದೆಂದು ನಂಬಿ ಬರೆದ ಕೆಲವು ಕ್ರಮವಿಧಿಗಳು ಕಂಗೆಟ್ಟವು. ಅವುಗಳ ಸಮಾಧಾನಕ್ಕಾಗಿ, ಕೇಳಿದವರಿಗೆ 3.0 ಕರ್ನಲ್ ತನ್ನನ್ನು 2.6.40 ಎಂದು ಹೇಳಿಕೊಳ್ಳುವ ಸೌಕರ್ಯವನ್ನು ಆಮೇಲೆ ಸೇರಿಸಬೇಕಾಯಿತು.

ಈಚಿನ ದಿನಗಳಲ್ಲಿ ಈ ಹೊಂದಾಣಿಕೆಯ ಬಹುಭಾಗವನ್ನು ಲಿನಕ್ಸನ್ನು ಸಿದ್ಧಪಡಿಸಿ ಹಂಚುವ ಸಂಸ್ಥೆಗಳೇ ಮಾಡುತ್ತವೆ. ಇಂತಹ ಕರ್ನಲಿಗೆ ಇಂತಹ ಉಪಕರಣ ಬೇಕೆಂಬ ಬರಹ ತಂತ್ರಾಂಶದ ಜೊತೆಯಲ್ಲಿಯೇ ಇದ್ದು, ಬೇಕಾದುದೆಲ್ಲ ತಾನಾಗಿ ಬಂದು ಸೇರುತ್ತದೆ. ಪ್ರತಿ ಕರ್ನಲಿನ ಮಾಡ್ಯೂಲುಗಳೂ ಅದರ ಆವೃತ್ತಿಯ ಹೆಸರಿನ ಪ್ರತ್ಯೇಕ ಕೋಶದಲ್ಲಿರುವುದರಿಂದ ಹಳೆಯದೂ ಹೊಸದೂ ಒಂದೇ ಡಿಸ್ಕಿನಲ್ಲಿ ಜಗಳವಿಲ್ಲದೆ ಇರಬಲ್ಲವು. ಆದರೂ ಬೇರೆ ಕಡೆಯಿಂದ ತಂದು ಸೇರಿಸಿದ ಚಾಲಕಗಳಿದ್ದರೆ, ಅವನ್ನು ಹೊಸ ಕರ್ನಲಿಗೆ ತಕ್ಕಂತೆ ಮತ್ತೆ ಅಣಿಗೊಳಿಸುವ ಹೊಣೆ ಯಂತ್ರದ ಒಡೆಯನದೇ.

ಎಲ್ಲಕ್ಕಿಂತ ಎಚ್ಚರ ಬೇಕಾಗುವುದು ನೂರಾರು ಮೈಲಿ ದೂರದಲ್ಲಿರುವ ಯಂತ್ರದ ಕರ್ನಲನ್ನು ಬದಲಿಸುವಾಗ. ಅದರ ಮುಂದೆ ಪರದೆಯಿಲ್ಲ, ಕುಳಿತು ನೋಡುವವರಿಲ್ಲ. ಜಾಲವೊಂದೇ ಅದನ್ನು ತಲುಪುವ ದಾರಿ. ಅನುಭವಿಗಳು ಹೊಸ ಕರ್ನಲನ್ನು ಅಲ್ಲಿ ಖಾಯಂ ಮಾಡುವುದಿಲ್ಲ. ಯಂತ್ರವನ್ನು ಎಬ್ಬಿಸುವ ಲಿಲೋ, ಗ್ರಬ್ ಮೊದಲಾದ ಕ್ರಮವಿಧಿಗಳಿಗೆ, ಮುಂದಿನ ಒಂದು ಸಲ ಮಾತ್ರ ಹೊಸದನ್ನು ಎಬ್ಬಿಸು ಎಂದು ಹೇಳಿಡಬಹುದು. ಕರ್ನಲ್ ಕೆಟ್ಟು ನಿಂತರೆ ಮೂವತ್ತು ಸೆಕೆಂಡುಗಳಾದ ಮೇಲೆ ತಾನಾಗಿ ಮತ್ತೆ ಏಳಬೇಕೆಂದು ಕರ್ನಲಿಗೂ ಸೂಚಿಸಬಹುದು. ಹೊಸದು ಕೆಟ್ಟರೆ ಯಂತ್ರ ತಾನೇ ಮಲಗಿ ಎದ್ದು ಹಳೆಯ ಕರ್ನಲಿಗೆ ಮರಳುತ್ತದೆ. ಸರಿಯಾಗಿ ಎದ್ದರೆ ದೂರದಿಂದಲೇ ಒಳಹೊಕ್ಕು ಮಾಡ್ಯೂಲುಗಳನ್ನೂ ಡಿಸ್ಕುಗಳನ್ನೂ ಒಂದೊಂದಾಗಿ ಪರೀಕ್ಷಿಸುತ್ತಾರೆ. ಕೆಲವು ದಿನ ನಿರಾತಂಕವಾಗಿ ಓಡಿದ ಮೇಲೆ ಹೊಸದಕ್ಕೆ ಮೊದಲ ಸ್ಥಾನ ಕೊಡುತ್ತಾರೆ. ಹಳೆಯ ಕರ್ನಲನ್ನು ಆಗಲೂ ಅಳಿಸುವುದಿಲ್ಲ. ಪಟ್ಟಿಯ ಎರಡನೆಯ ಸಾಲಿನಲ್ಲಿ ಇಟ್ಟಿರುತ್ತಾರೆ.