ಪಾಲಿಷ್ ಮಾತ್ರ ಬೇಡ ಆಂಟಿ

ಮಲ್ಕಾಜ್‌ಗಿರಿಯ ನಮ್ಮ ಅಪಾರ್ಟ್‌ಮೆಂಟಿನ ಕೆಳಮನೆಯಲ್ಲಿ ಒಬ್ಬ ಆಂಗ್ಲೋ ಇಂಡಿಯನ್ ಅಜ್ಜಿ ಇದ್ದಾರೆ. ಇಡೀ ಕಟ್ಟಡಕ್ಕೆ ಅವರು ಆಂಟಿ. ಅವರ ಯಜಮಾನರು ಲಾಲಾಗೂಡ ರೈಲ್ವೆ ಕಾರ್ಯಾಗಾರದಲ್ಲಿದ್ದವರು. ಶನಿವಾರದ ಡ್ಯಾನ್ಸ್‌ಗಳಲ್ಲಿ ಗಿಟಾರ್ ನುಡಿಸುತ್ತಿದ್ದರಂತೆ. ಕಳೆದ ತಿಂಗಳು ಆಂಟಿ ನನ್ನನ್ನು ಕರೆದು, ಮಂಚದ ಕೆಳಗಿದ್ದ ಕೇಸ್ ಎಳೆಸಿದರು.

“ಇದಕ್ಕೆ ಹದಿನೈದು ಸಾವಿರ ಕೊಡ್ತೀನಿ ಅಂತ ಒಬ್ಬರು ಹೇಳಿದ್ದಾರೆ ಬೇಟಾ. ಪಾಲಿಷ್ ಮಾಡಿಸಿದ್ರೆ ಇನ್ನೈದು ಸಾವಿರ ಜಾಸ್ತಿ ಬರುತ್ತಾ?” ಎಂದು ತಮ್ಮ ಹಿಂದಿಯಲ್ಲಿ ಕೇಳಿದರು.

ಕೇಸ್ ತೆರೆದವನು ಸುಮ್ಮನಾಗಿಬಿಟ್ಟೆ. 1960ರ ದಶಕದ ಗಿಬ್ಸನ್ ಇಎಸ್-330! ಎಂ.ಟೆಕ್ ಹಾಸ್ಟೆಲಿನಲ್ಲಿ ನಾನು ಕಲಿತದ್ದು ಕೋಲ್ಕತ್ತದ ಗಿವ್ಸನ್ ಗಿಟಾರಿನಲ್ಲಿ. ಒಂದೇ ಅಕ್ಷರದ ವ್ಯತ್ಯಾಸ, ಆದರೆ ಬೆಲೆಯಲ್ಲಿ ಲಕ್ಷಗಳ ಅಂತರ.

ಹಳೆಯ ಜಾಝ್ ಗಿಟಾರ್‌ಗಳ ಒಡಲು ಸುಮಾರು 8.5 ಸೆಂ.ಮೀ. ದಪ್ಪ. ನಿಂತು ನುಡಿಸುವವರಿಗೆ ಅದು ತ್ರಾಸ. ಗಿಬ್ಸನ್ 1955ರಲ್ಲಿ ತೆಳು ಒಡಲಿನವನ್ನು ತಂದಿತು. 1959ರಲ್ಲಿ ಬಂದ ಇಎಸ್-330ರ ದಪ್ಪ ಸುಮಾರು 4.5 ಸೆಂ.ಮೀ. ಮಾತ್ರ, ಒಳಗೆ ಪೂರ್ತಿ ಟೊಳ್ಳು. ಬೀಟಲ್ಸ್ ತಂಡದವರು ನುಡಿಸಿದ ಎಪಿಫೋನ್ ಕ್ಯಾಸಿನೊ ಇದರದೇ ಸೋದರ. ಟೊಳ್ಳಿನಿಂದ ನಾದಕ್ಕೆ ಮರದ ಬೆಚ್ಚನೆ ಗುಣ ಬರುತ್ತದೆ. ತೊಂದರೆಯೂ ಅಲ್ಲೇ ಇದೆ: ಸ್ಪೀಕರಿನ ಸದ್ದು ಮರವನ್ನು ನಡುಗಿಸುತ್ತದೆ, ಆ ನಡುಕವನ್ನು ಪಿಕಪ್ ಮತ್ತೆ ಸ್ಪೀಕರಿಗೆ ಕಳಿಸುತ್ತದೆ, ಕೊನೆಗೆ ಕೂಗಾಟ. ನಮ್ಮ ಸಾಫ್ಟ್‌ವೇರ್ ಭಾಷೆಯಲ್ಲಿ ನಿಲ್ಲದ ಲೂಪ್!

ಇಂಥ ಸಂಗೀತದ ನಂಟು ನಮ್ಮವರಿಗೂ ಇದೆ. ಬೆಂಗಳೂರಿನಲ್ಲಿ ಹುಟ್ಟಿದ ಜಾಝ್ ಗಿಟಾರ್ ವಾದಕ ಕಾರ್ಲ್ಟನ್ ಕಿಟ್ಟೊ ಕೋಲ್ಕತ್ತದಲ್ಲಿ ನೆಲೆಸಿ, ನುಡಿಸುತ್ತ, ಕಲಿಸುತ್ತ ಬಾಳಿದರು, 2016ರಲ್ಲಿ ತೀರಿಕೊಂಡರು. ನಮ್ಮ ಹಾಗೆ ಊರು ಬಿಟ್ಟವರೇ.

ಸುಳ್ಳು ಹೇಳುವುದಿಲ್ಲ, “ಇಪ್ಪತ್ತು ಸಾವಿರ ನಾನೇ ಕೊಡ್ತೀನಿ” ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಕೊಟ್ಟಿದ್ದರೆ ಆಂಟಿ ಆಶೀರ್ವಾದವನ್ನೂ ಮಾಡುತ್ತಿದ್ದರು. ಆದರೆ ದಿನಾ ಲಿಫ್ಟಿನ ಹತ್ತಿರ ಅವರ ಮುಖ ನೋಡಬೇಕಲ್ಲ!

ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಇದರ ಬೆಲೆ ಇರುವುದೇ ಯಾರೂ ಕೈ ಹಾಕಿಲ್ಲ ಎನ್ನುವುದರಲ್ಲಿ. ಮೇಲಿನ ತೆಳು ಲ್ಯಾಕರ್‌ನಲ್ಲಿ ಕೂದಲೆಳೆಯಂಥ ಬಿರುಕುಗಳಿವೆ, ಅವು ದೋಷವಲ್ಲ, ವಯಸ್ಸಿನ ಗುರುತು. ಉಜ್ಜಿ ತೆಗೆದು ಹೊಸ ಪಾಲಿಷ್ ಹೊಡೆಸಿದರೆ ಬೆಲೆ ಸಾಮಾನ್ಯವಾಗಿ ಅರ್ಧಕ್ಕೆ ಇಳಿಯುತ್ತದೆ. ಪಿಕಪ್, ಬಿರಡೆಗಳನ್ನು ಬದಲಾಯಿಸಿದರೂ ನಷ್ಟವೇ. ಮಂಚದ ಕೆಳಗಿನ ಕತ್ತಲೆ ಬಣ್ಣವನ್ನು ಉಳಿಸಿದೆ. ಇಲ್ಲಿಯ ಬೇಸಿಗೆಯ ಒಣಹವೆ ಮಾತ್ರ ಮರಕ್ಕೆ ಆಗದು. ಕೇಸಿನೊಳಗೆ ತೇವಾಂಶ ಶೇ 45ರಿಂದ 55ರಷ್ಟಿದ್ದರೆ ಒಳ್ಳೆಯದು. ಅದಕ್ಕೊಂದು ಪುಟ್ಟ ಮಾಪಕ ತಂದಿಟ್ಟೆ.

ಆಸ್ಟ್ರೇಲಿಯಾದಲ್ಲಿರುವ ಮಗನಿಗೆ ಕಳಿಸೋಣವೆಂದರೆ ಇನ್ನೊಂದು ತೊಡಕು. ಆ ಕಾಲದಲ್ಲಿ ಬೆರಳು ಓಡುವ ಪಟ್ಟಿಗೆ ಬ್ರೆಜಿಲ್‌ನ ರೋಸ್‌ವುಡ್ ಬಳಸುತ್ತಿದ್ದರು. 1992ರಿಂದ ಆ ಮರ ಅಂತರರಾಷ್ಟ್ರೀಯ ಒಪ್ಪಂದದ ಕಟ್ಟುನಿಟ್ಟಿನ ಪಟ್ಟಿಯಲ್ಲಿದೆ. ಗಡಿ ದಾಟಿಸಲು ಪರವಾನಗಿ ಬೇಕು. ಬ್ರೆಜಿಲ್ ಮರ ಸಿಗುವುದು ಕಷ್ಟವಾದಾಗ ಅಮೆರಿಕದ ಕಂಪನಿಗಳು ಭಾರತದ ರೋಸ್‌ವುಡ್‌ಗೆ ಬಂದವು. ಅದು ಬೇರೇನಲ್ಲ, ನಮ್ಮ ಮಲೆನಾಡಿನ ಬೀಟೆ. ಊರಲ್ಲಿ ಅಜ್ಜನ ಮಂಚ ಅದರದೇ. ಯಾವ ಮರವೆಂದು ಬಲ್ಲವರಿಗೆ ತೋರಿಸಿ, ಕಿಂಡಿಯೊಳಗಿನ ಚೀಟಿಯ ಸಂಖ್ಯೆ ಬರೆದುಕೊಂಡು, ಇಬ್ಬರ ಹತ್ತಿರವಾದರೂ ಬೆಲೆ ಕೇಳೋಣ ಎಂದೆ.

ನಿಮ್ಮೂರಿನ ಅಟ್ಟದ ಮೇಲೂ ಅಜ್ಜಿಯ ವೀಣೆಯೋ ಅಪ್ಪನ ಹಾರ್ಮೋನಿಯಮ್ಮೋ ಇದ್ದೀತು. ಹಬ್ಬಕ್ಕೆ ಹೋದಾಗ ಒಮ್ಮೆ ತೆಗೆದು ನೋಡಿ. ಹೊಳೆಯಿಸುವ ಮೊದಲು ಬಲ್ಲವರನ್ನು ಕೇಳಿ.

ಆಂಟಿ ಇನ್ನೂ ಏನೂ ತೀರ್ಮಾನಿಸಿಲ್ಲ. ಹೊಸ ತಂತಿ ಹಾಕಿ ಒಂದು ವಾಲ್ಟ್ಸ್ ನುಡಿಸಿದೆ. ಕಣ್ಣು ಮುಚ್ಚಿ ಕೇಳಿದವರು ಕೊನೆಗೆ ಹೇಳಿದ್ದಿಷ್ಟು: “ಅವರು ಇಷ್ಟು ನಿಧಾನವಾಗಿ ನುಡಿಸ್ತಿರಲಿಲ್ಲ. ಮುಂದಿನ ಭಾನುವಾರ ಬಾ, ಸರಿಯಾಗಿ ಕಲಿತ್ಕೊಂಡು ಬಾ.”