ನಾಣ್ಯ ಎಕ್ಸ್‌-ರೇಯಲ್ಲಿ ಕಾಣುತ್ತದೆ, ಮೀನಿನ ಮುಳ್ಳು ಕಾಣದು

ದಿವಾ: 2022ರ ನವೆಂಬರ್‌ನಲ್ಲಿ ಬಾಗಲಕೋಟೆಯ ಹಾನಗಲ್ ಶ್ರೀ ಕುಮಾರೇಶ್ವರ ಆಸ್ಪತ್ರೆಯ ವೈದ್ಯರು ರೋಗಿಯೊಬ್ಬರ ಜಠರದಿಂದ 187 ನಾಣ್ಯಗಳನ್ನು ಹೊರತೆಗೆದದ್ದು ದೊಡ್ಡ ಸುದ್ದಿಯಾಗಿತ್ತು. ಐದು ರೂಪಾಯಿಯವು 56, ಎರಡರವು 51, ಒಂದರವು 80. ಒಟ್ಟು 462 ರೂಪಾಯಿ. ಮಾನಸಿಕ ಕಾಯಿಲೆಯಿಂದ ಬಳಲುತ್ತಿದ್ದ ಅವರು ಅವನ್ನು ನುಂಗಿದ್ದರು. ಲೋಹವಾದ್ದರಿಂದ ಎಕ್ಸ್‌-ರೇಯಲ್ಲಿ ಸ್ಪಷ್ಟವಾಗಿ ಕಂಡಿತು, ಶಸ್ತ್ರಚಿಕಿತ್ಸೆ ಯಶಸ್ವಿಯಾಯಿತು.

ಆದರೆ ನಮ್ಮ ಕರಾವಳಿಯವರ ಮನೆಗಳಲ್ಲಿ ಅಪಾಯ ಬರುವುದು ನಾಣ್ಯದಿಂದಲ್ಲ, ಭೂತಾಯಿ, ಬಂಗುಡೆಯ ಮುಳ್ಳಿನಿಂದ. ನುಂಗಿದ ವಸ್ತುಗಳಲ್ಲಿ ಹೆಚ್ಚಿನವು ತಾವಾಗಿಯೇ ಮಲದೊಂದಿಗೆ ಹೊರಬೀಳುತ್ತವೆ, ನಿಜ. ಎಲ್ಲೋ ಒಂದು ಮುಳ್ಳು, ಕೋಳಿ ಮೂಳೆಯ ಚೂರು ಅಥವಾ ಹಲ್ಲುಕಡ್ಡಿ ಮಾತ್ರ ಕರುಳನ್ನು ಚುಚ್ಚಿಬಿಡುತ್ತದೆ. ಸಣ್ಣ ಕರುಳು ದೊಡ್ಡ ಕರುಳಿಗೆ ಸೇರುವ ಜಾಗದಲ್ಲಿ ಇದು ಹೆಚ್ಚು. ಆಗ ಹೊಟ್ಟೆಯ ಬಲಗಡೆ ಕೆಳಗೆ ನೋವು, ಜ್ವರ. ನೋಡಿದವರಿಗೆ ಅಪೆಂಡಿಕ್ಸ್ ಎಂದೇ ಅನಿಸುತ್ತದೆ. ಊಟ ಮಾಡಿ ದಿನಗಳೇ, ಕೆಲವೊಮ್ಮೆ ವಾರಗಳೇ ಕಳೆದಿರುವುದರಿಂದ ಮುಳ್ಳು ನುಂಗಿದ ನೆನಪು ಬಹುತೇಕರಿಗೆ ಇರುವುದೇ ಇಲ್ಲ. ಕಟ್ಟಿಸಿಕೊಂಡ ಹಲ್ಲಿನ ಸೆಟ್ ಹಾಕುವ ಹಿರಿಯರಿಗಂತೂ ಅಂಗುಳ ಮುಚ್ಚಿರುವ ಕಾರಣ ಬಾಯಲ್ಲಿ ಮುಳ್ಳಿರುವುದೇ ತಿಳಿಯದು.

ಕರುಳು ತೂತಾದರೆ ಗಾಳಿ ಸೋರಿ, ನಿಲ್ಲಿಸಿ ತೆಗೆದ ಎದೆಯ ಎಕ್ಸ್‌-ರೇಯಲ್ಲಿ ವಪೆಯ ಕೆಳಗೆ ಕಾಣಿಸಿಕೊಳ್ಳುವುದು ಸಾಮಾನ್ಯ. ಮುಳ್ಳಿನ ತೂತು ತೀರಾ ಸಣ್ಣದು. ಸುತ್ತಲಿನ ಕೊಬ್ಬಿನ ಪದರ ಅದನ್ನು ಮುಚ್ಚಿಬಿಡುವುದರಿಂದ ಆ ಗುರುತೂ ಸಿಗದೆ ಹೋಗಬಹುದು. ಮುಳ್ಳಿನ ತೆಳು ಗೆರೆಯನ್ನು ಹುಡುಕಲು ಸಿಟಿ ಸ್ಕ್ಯಾನೇ ಬೇಕು. ಅದರಲ್ಲೂ ಹುಡುಕಬೇಕೆಂದು ಗೊತ್ತಿದ್ದರೆ ಮಾತ್ರ ಕಣ್ಣಿಗೆ ಬೀಳುವುದು ಸುಲಭ. "ಮೂರು ದಿನದ ಹಿಂದೆ ಮೀನು ತಿಂದಿದ್ದೆ" ಎಂದು ರೋಗಿ ಹೇಳುವ ಒಂದು ಮಾತಿಗೆ ಇಷ್ಟು ಬೆಲೆಯಿರುವುದು ಅದಕ್ಕಾಗಿಯೇ. ಹೊಟ್ಟೆನೋವಿಗೆ ಮಾತ್ರೆ ನುಂಗಿ ಲೋಕಲ್ ಹಿಡಿದು ಡ್ಯೂಟಿಗೆ ಓಡುವ ನಮ್ಮವರಿಗೆ ಇದನ್ನು ಹೇಳಲೂ ಪುರುಸೊತ್ತಿಲ್ಲ!

ಗಂಟಲಲ್ಲಿ ಮುಳ್ಳು ಸಿಕ್ಕಿದರೆ ಅನ್ನದ ಉಂಡೆ, ಬಾಳೆಹಣ್ಣು ನುಂಗಿಸುವ ಅಜ್ಜಿಯ ಮದ್ದನ್ನು ವೈದ್ಯರು ಒಪ್ಪುವುದಿಲ್ಲ. ಅದು ಮುಳ್ಳನ್ನು ಇನ್ನಷ್ಟು ಆಳಕ್ಕೆ ತಳ್ಳಬಹುದು. ವಾಂತಿ ಮಾಡಿಸುವುದೂ ಬೇಡ, ಹರಳೆಣ್ಣೆಯ ಭೇದಿಯೂ ಬೇಡ.

ಮಕ್ಕಳ ವಿಷಯ ಬೇರೆ. ಆಟಿಕೆಯ ಗುಂಡಿಯಂಥ ಬ್ಯಾಟರಿ ಅನ್ನನಾಳದಲ್ಲಿ ಸಿಕ್ಕಿದರೆ ಎರಡೇ ಗಂಟೆಯಲ್ಲಿ ಸುಟ್ಟಗಾಯ ಮಾಡಬಲ್ಲದು. ಒಂದಕ್ಕಿಂತ ಹೆಚ್ಚು ಅಯಸ್ಕಾಂತ ನುಂಗಿದರೆ ಅವು ಒಂದನ್ನೊಂದು ಸೆಳೆದು, ನಡುವೆ ಸಿಕ್ಕ ಕರುಳನ್ನು ಒತ್ತಿ ತೂತು ಮಾಡುತ್ತವೆ. ಇವೆರಡಕ್ಕೂ ಬೆಳಗಾಗಲೆಂದು ಕಾಯುವಂತಿಲ್ಲ. ದಿವಾದವರಿಗೆ ಠಾಣೆ ಮಹಾನಗರ ಪಾಲಿಕೆಯ ಛತ್ರಪತಿ ಶಿವಾಜಿ ಮಹಾರಾಜ್ ಆಸ್ಪತ್ರೆ ಮುಂಬ್ರಾ ದಾಟಿದರೆ ಸಿಗುವ ಕಳ್ವಾದಲ್ಲಿದೆ. ಹೋಗುವಾಗ ಅದೇ ಬಗೆಯ ಇನ್ನೊಂದು ಬ್ಯಾಟರಿ ಅಥವಾ ಆಟಿಕೆ ಮನೆಯಲ್ಲಿದ್ದರೆ ಜೊತೆಗೆ ಒಯ್ದು ವೈದ್ಯರಿಗೆ ತೋರಿಸಬೇಕು.