ಸೀತಾಳೆ ಗಿಡವೂ ಬಂದಳಿಕೆಯೂ

ಮಲೆನಾಡಿನ ತೋಟಗಳಲ್ಲಿ ಮಳೆಗಾಲಕ್ಕೆ ಮುಂಚೆ ನೆರಳುಮರಗಳ ಕೊಂಬೆ ಸವರುವಾಗ, ಮರದ ಮೇಲೆ ಬೆಳೆದ ಹಸುರನ್ನೆಲ್ಲ ಬಂದಳಿಕೆಯೆಂದು ಭಾವಿಸಿ ಕಿತ್ತೆಸೆಯುವ ವಾಡಿಕೆಯುಂಟು. ಇದರಿಂದ ಮರಕ್ಕೆ ಯಾವ ಲಾಭವೂ ಆಗದೆ, ಅನೇಕ ವರ್ಷಗಳಿಂದ ಬೆಳೆದ ಸೀತಾಳೆ ಗಿಡಗಳು ಒಂದೇ ದಿನದಲ್ಲಿ ನಾಶವಾಗುತ್ತವೆ. ಆದಕಾರಣ ಇವೆರಡರ ಭೇದವನ್ನೂ, ಸೀತಾಳೆ ಜಾತಿಯ ಗಿಡಗಳ ನೆಲೆಯನ್ನೂ, ಅವುಗಳನ್ನು ಉಳಿಸಿಕೊಳ್ಳುವ ಕ್ರಮವನ್ನೂ ರೈತರ ತಿಳಿವಳಿಕೆಗಾಗಿ ಇಲ್ಲಿ ವಿವರಿಸಿದೆ.

ಭೇದ.— ಬಂದಳಿಕೆಯು ಪರೋಪಜೀವಿ. ಅದರ ಬೇರು ತೊಗಟೆಯನ್ನು ಸೀಳಿಕೊಂಡು ಒಳಕ್ಕಿಳಿದು ಮರದ ರಸವನ್ನು ಹೀರುತ್ತದೆ. ಅದು ಕೂಡಿದೆಡೆಯಲ್ಲಿ ಕೊಂಬೆಯು ಗಂಟಾಗಿ ಉಬ್ಬುವುದು. ಅದರಿಂದಾಚೆಯ ಭಾಗ ಕ್ರಮೇಣ ಸೊರಗುವುದು. ಸೀತಾಳೆಯಾದರೋ ಮರವನ್ನು ಆಸರೆಯಾಗಿ ಮಾತ್ರ ಬಳಸುತ್ತದೆ. ಅದರ ಬೇರುಗಳು ತೊಗಟೆಯ ಮೇಲೆಯೇ ಹರಡಿರುತ್ತವೆ, ಇಲ್ಲವೆ ಗಾಳಿಯಲ್ಲಿ ಜೋಲುತ್ತವೆ. ಬೇರಿಗೆ ಸ್ಪಂಜಿನಂತಹ ಬಿಳಿಯ ಹೊದಿಕೆಯಿದ್ದು, ಅದು ಮಳೆಯ ನೀರನ್ನು ಹೀರಿ ಹಿಡಿದುಕೊಳ್ಳುತ್ತದೆ. ಆಹಾರವನ್ನು ಗಿಡವು ತನ್ನ ಎಲೆಗಳಿಂದಲೇ ಸಿದ್ಧಪಡಿಸಿಕೊಳ್ಳುತ್ತದೆ. ಕೊಂಬೆಯಲ್ಲಿ ಗಂಟಿಲ್ಲದೆ, ಬಿಳಿಬೇರು ಹೊರಗೆ ಕಾಣುತ್ತಿದ್ದರೆ ಅದು ಬಂದಳಿಕೆಯಲ್ಲವೆಂದು ತಿಳಿಯಬಹುದು.

ನೆಲೆ.— ಆರ್ಕಿಡ್ ಎಂಬ ಈ ಕುಟುಂಬದಲ್ಲಿ ಪ್ರಪಂಚದಾದ್ಯಂತ ಸುಮಾರು 28,000 ಜಾತಿಗಳಿವೆ. ಭಾರತೀಯ ಸಸ್ಯಶಾಸ್ತ್ರೀಯ ಸರ್ವೇಕ್ಷಣೆಯು 2019ರಲ್ಲಿ ನಮ್ಮ ದೇಶದ 1,256 ಜಾತಿಗಳನ್ನು ಪಟ್ಟಿಮಾಡಿತು. ಪಶ್ಚಿಮಘಟ್ಟಗಳಲ್ಲಿ ಸುಮಾರು 300 ಜಾತಿಗಳುಂಟು. ಇವುಗಳಲ್ಲಿ ಹಲವು ಬೇರೆಲ್ಲಿಯೂ ಬೆಳೆಯುವುದಿಲ್ಲ. ಆಗುಂಬೆ, ಕುದುರೆಮುಖ, ಪುಷ್ಪಗಿರಿ ಮೊದಲಾದ ಮಳೆ ಹೆಚ್ಚಿದ ಕಾಡುಗಳಲ್ಲಿ ಮರವನ್ನಾಶ್ರಯಿಸಿದ ಜಾತಿಗಳು ವಿಶೇಷ. ಸೀತಾಳೆ ದಂಡೆಯು ಮುಂಗಾರಿನ ಆರಂಭದ ಸುಮಾರಿಗೆ, ನೇರಳೆ ಚುಕ್ಕೆಗಳ ಬಿಳಿ ಹೂಗಳ ಗೊನೆಯನ್ನು ಇಳಿಬಿಡುತ್ತದೆ. ಬೆಟ್ಟದ ಹುಲ್ಲುಗಾವಲುಗಳಲ್ಲಿ ಮಳೆ ಬಿದ್ದಾಗ ನೆಲದೊಳಗಿನ ಗೆಡ್ಡೆಯಿಂದ ಚಿಗುರುವ ಜಾತಿಗಳಿವೆ. ಒಣಹವೆಯನ್ನು ಸಹಿಸುವ ವಾಂಡಾ ಜಾತಿಯು ಬಯಲುಸೀಮೆಯ ಕುರುಚಲು ಕಾಡಿನಲ್ಲಿಯೂ ಸಿಕ್ಕುತ್ತದೆ. ರೈತರು ಬೆಳೆಯುವ ವೆನಿಲ್ಲಾ ಬಳ್ಳಿಯೂ ಇದೇ ಕುಟುಂಬಕ್ಕೆ ಸೇರಿದುದು. ಆದರೆ ಅದರ ಮೂಲ ಮೆಕ್ಸಿಕೊ ದೇಶ.

ಬೀಜದ ಸ್ವಭಾವ.— ಒಂದೊಂದು ಕಾಯಿಯಲ್ಲಿ ಸಾವಿರಾರು ಬೀಜಗಳಿದ್ದರೂ ಅವು ಧೂಳಿನಷ್ಟು ಸಣ್ಣವು. ಭತ್ತ, ಹೆಸರುಗಳ ಬೀಜದಲ್ಲಿರುವಂತೆ ಮೊಳಕೆಗೆ ಬೇಕಾದ ಆಹಾರದ ಸಂಗ್ರಹ ಇವುಗಳಲ್ಲಿಲ್ಲ. ತಕ್ಕ ಬೂಷ್ಟಿನ ಸಹಾಯ ದೊರೆತಲ್ಲಿ ಮಾತ್ರ ಇವು ಕಾಡಿನಲ್ಲಿ ಮೊಳೆಯುತ್ತವೆಂಬುದನ್ನು 1899ರಲ್ಲಿ ಫ್ರಾನ್ಸ್ ದೇಶದ ನೊಯೆಲ್ ಬರ್ನಾರ್ಡ್ ಕಂಡುಹಿಡಿದರು. ಬೂಷ್ಟಿಲ್ಲದೆ ಸಕ್ಕರೆ ಬೆರೆಸಿದ ಪಾಕದಲ್ಲಿ ಬೀಜ ಮೊಳೆಸುವ ಕ್ರಮವನ್ನು 1922ರಲ್ಲಿ ಅಮೆರಿಕದ ಲೂಯಿಸ್ ನಡ್ಸನ್ ಪ್ರಕಟಿಸಿದರು. ಇದು ಪ್ರಯೋಗಶಾಲೆಯ ಕೆಲಸ; ತೋಟದಲ್ಲಿ ಸಾಧ್ಯವಲ್ಲ. ಮೊಳೆತ ಗಿಡ ಹೂ ಬಿಡಲು ಹಲವು ವರ್ಷಗಳು ಬೇಕು. ಕಿತ್ತ ಗಿಡದ ಸ್ಥಾನವು ಬೇಗನೆ ತುಂಬುವುದಿಲ್ಲವೆಂಬುದಕ್ಕೆ ಇದೇ ಕಾರಣ.

ರೈತರು ಅನುಸರಿಸತಕ್ಕ ಕ್ರಮಗಳು.—

1. ಬಂದಳಿಕೆಯನ್ನು ಅದರ ಹಣ್ಣು ಮಾಗುವ ಮುನ್ನವೇ, ಗಂಟಿನಿಂದ ಕೆಳಕ್ಕೆ ಕೊಂಬೆ ಸಮೇತ ಕಡಿಯಬೇಕು. ಹಣ್ಣಾದರೆ ಹಕ್ಕಿಗಳು ತಿಂದು, ಅಂಟಿನ ಬೀಜಗಳನ್ನು ಬೇರೆ ಮರಗಳಿಗೆ ಹರಡುತ್ತವೆ.

2. ಸೀತಾಳೆಯಿರುವ ಹಳೆಯ ಮರಗಳನ್ನು ಸಾಧ್ಯವಾದಷ್ಟು ಉಳಿಸಬೇಕು. ಕಾಡುಮರಗಳನ್ನೆಲ್ಲ ತೆಗೆದು ಸಿಲ್ವರ್ ಓಕ್ ಒಂದನ್ನೇ ನೆಟ್ಟರೆ, ಪಾಚಿ ಹಿಡಿದ ಹಳೆಯ ಕೊಂಬೆಗಳ ಆಸರೆ ಇವುಗಳಿಗೆ ತಪ್ಪಿಹೋಗುವುದು.

3. ಗಾಳಿಗೆ ಮುರಿದುಬಿದ್ದ ಕೊಂಬೆಯಲ್ಲಿ ಗಿಡವಿದ್ದರೆ, ಬೇರು ಹರಿಯದಂತೆ ತೊಗಟೆ ಸಹಿತ ಬಿಡಿಸಿ, ಅರೆನೆರಳಿನ ಒರಟು ತೊಗಟೆಯ ಮರಕ್ಕೆ ತೆಂಗಿನ ನಾರಿನಿಂದ ಕಟ್ಟಬೇಕು. ಮಣ್ಣಿನಲ್ಲಿ ಹೂಳಿದರೆ ಬೇರು ಕೊಳೆಯುತ್ತದೆ.

4. ಮುಡಿಯಲು ಹೂ ಬೇಕಾದಲ್ಲಿ ಗೊನೆಯನ್ನು ಮಾತ್ರ ಕೊಯ್ದು, ಕೆಲವನ್ನು ಬೀಜಕ್ಕೆ ಬಿಡಬೇಕು.

5. ಕಾಡಿನಿಂದ ಗಿಡ ಕಿತ್ತು ತರುವವರಿಗೆ ಪ್ರೋತ್ಸಾಹ ಕೊಡಕೂಡದು. ಮೀಸಲು ಅರಣ್ಯದಲ್ಲಿ ಅಪ್ಪಣೆಯಿಲ್ಲದೆ ಕೀಳುವುದು ಅಪರಾಧ. 1975ರಲ್ಲಿ ಜಾರಿಗೆ ಬಂದು 1976ರಲ್ಲಿ ಭಾರತವೂ ಸೇರಿದ ಅಂತರರಾಷ್ಟ್ರೀಯ ಒಪ್ಪಂದದ ಮೇರೆಗೆ, ಈ ಕುಟುಂಬದ ಗಿಡಗಳ ವಿದೇಶ ವ್ಯಾಪಾರವೂ ನಿರ್ಬಂಧಕ್ಕೊಳಪಟ್ಟಿದೆ.

ಕಾಡು ಕಡಿಮೆಯಾದ ಎಷ್ಟೋ ಊರುಗಳಲ್ಲಿ ತೋಟದ ಹಳೆಯ ಮರಗಳೇ ಈ ಗಿಡಗಳಿಗೆ ಉಳಿದಿರುವ ನೆಲೆ. ಇವುಗಳನ್ನು ಉಳಿಸುವುದಕ್ಕೆ ರೈತರಿಗೆ ಖರ್ಚೇನೂ ಇಲ್ಲ. ಕತ್ತಿಯಿಡುವ ಮೊದಲು ಬೇರನ್ನು ನೋಡಿದರೆ ಸಾಕು. ಸಂಶಯವಿದ್ದಲ್ಲಿ ಸಮೀಪದ ಕೃಷಿ ಅಥವಾ ತೋಟಗಾರಿಕೆ ಅಧಿಕಾರಿಗಳಿಗೆ ತೋರಿಸಿ, ಅನಂತರ ಮುಂದುವರಿಯತಕ್ಕದ್ದು.